ಇಂದುಶೇಖರ ಅಂಕಲ್‌ರ 2012ನೇ ಇಸವಿ

ದೆಹಲಿಯ ದ್ವಾರಕಾದ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ನನ್ನ ಮೇಲಿನ ಮಹಡಿಯಲ್ಲಿರುವವರು ಇಂದುಶೇಖರ ಅಂಕಲ್. ಯಾವುದಕ್ಕೂ ಇಲ್ಲ ಎನ್ನದ ಮನುಷ್ಯ. ಒಳ್ಳೆಯತನ ಅಂದುಕೊಳ್ಳಬೇಡಿ, ಬರೀ ಅಭ್ಯಾಸ. ತಿಪಟೂರಿನ ಕಡೆಯಿಂದ ಹುಡುಗನಾಗಿ ದೆಹಲಿಗೆ ಬಂದು ಒಂದು ಮಿನಿಸ್ಟ್ರಿಯ ಕ್ಯಾಷ್ ಸೆಕ್ಷನ್ನಿನಲ್ಲಿ ಕೂತವರು, ಬೇರೆಯವರು ಬರೆದ ಬಿಲ್ಲುಗಳ ಮೊತ್ತ ತಾಳೆ ನೋಡಿ ಟಿಕ್ ಹಾಕಿ ಹಾಕಿಯೇ ರಿಟೈರ್ ಆದರು. ಮನೆಯಲ್ಲೂ ಅದೇ ಕಥೆ. ಒಂದನೇ ತಾರೀಖು ಸಂಬಳ ತಂದು ವೈಜಯಂತಿ ಆಂಟಿಯ ಕೈಯಲ್ಲಿಟ್ಟರೆ ಅವರ ಜವಾಬ್ದಾರಿ ಮುಗಿಯಿತು. ಏನಡುಗೆ, ಯಾವ ಅಂಗಿ, ಯಾವಾಗ ಕ್ಷೌರ, ಯಾರ ಮದುವೆಗೆ ಎಷ್ಟು ಮುಯ್ಯಿ, ಎಲ್ಲ ಆಂಟಿಯದೇ. ಅಂಕಲ್ ತಲೆಯಾಡಿಸುತ್ತಿದ್ದರು, ಆಂಟಿ ಬೈಯುತ್ತಿದ್ದರು, ಸಂಸಾರ ಚೆನ್ನಾಗಿಯೇ ನಡೆದಿತ್ತು.

ಕಳೆದ ಮಳೆಗಾಲದಲ್ಲಿ ಆಂಟಿ ಜ್ವರವೆಂದು ಆಸ್ಪತ್ರೆಗೆ ಹೋದವರು ವಾಪಸ್ ಬರಲಿಲ್ಲ. ಅಂಕಲ್ ಅಳಲಿಲ್ಲ. ಬಂದವರಿಗೆಲ್ಲ ಕುರ್ಚಿ ಹಾಕಿದರು, ನೀರು ಕೊಟ್ಟರು, ಚಪ್ಪಲಿ ಸಾಲಾಗಿ ಜೋಡಿಸಿಟ್ಟರು. ಹದಿಮೂರನೇ ದಿನ ಊಟಕ್ಕೆ ಕೂತವರ ನಡುವೆ ಉಪ್ಪು ಬಡಿಸಿಕೊಂಡು ಓಡಾಡುತ್ತಿದ್ದರು. ನನಗೆ ಅವರ ಮೇಲೆ ಸಿಟ್ಟೇ ಬಂದಿತ್ತು. ನಾನು ಅಡುಗೆಮನೆಯಲ್ಲಿ ಕಣ್ಣು ಮೂಗು ಒರೆಸಿಕೊಂಡು ಸಾಯುತ್ತಿದ್ದರೆ ಈ ಮನುಷ್ಯ ಬಂದು, "ಧಾರಿಣಿ, ಮಜ್ಜಿಗೆ ಸಾಲದು ಕಣಮ್ಮ" ಎಂದಿದ್ದರು.

ಧಾರಿಣಿ ಅಂದರೆ ನಾನೇ. ಗುರುಗ್ರಾಮದ ಒಂದು ಕಂಪನಿಯಲ್ಲಿ ಕೆಲಸ. ಜನ ಹಳೆಯ ಲೆಕ್ಕದ ಪ್ರೋಗ್ರಾಂ ಬಿಟ್ಟು ಹೊಸದಕ್ಕೆ ಹೋಗುವಾಗ ಅವರ ಲೆಕ್ಕವನ್ನೆಲ್ಲ ಅಲ್ಲಿಂದ ಇಲ್ಲಿಗೆ ಸಾಗಿಸಿಕೊಡುವುದು ನನ್ನ ಹೊಟ್ಟೆಪಾಡು. ನನ್ನ ಬಾಯಿ ಸ್ವಲ್ಪ ಜೋರು ಎಂದು ಆಂಟಿ ಹೇಳುತ್ತಿದ್ದರು. ಅವರದೇನೂ ಕಮ್ಮಿ ಇರಲಿಲ್ಲ.

ದೀಪಾವಳಿ ಮುಗಿದ ಮೇಲೆ ಒಂದು ಬೆಳಿಗ್ಗೆ ಉಪ್ಪಿಟ್ಟು ಕೊಡಲು ಮೇಲೆ ಹೋದೆ. ಅಂಕಲ್ ಮಫ್ಲರ್ ಸುತ್ತಿಕೊಂಡು ಆಂಟಿಯ ಹಳೆಯ ಕಂಪ್ಯೂಟರಿನ ಮುಂದೆ ಕೂತಿದ್ದರು. ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿದ್ದಾಗ ನೆಹರೂ ಪ್ಲೇಸಿನ ಕಂಪ್ಯೂಟರ್ ಅಂಗಡಿಯಿಂದ ತಂದದ್ದು ಅದು. ಅದರಲ್ಲಿದ್ದ ಮನೆಖರ್ಚಿನ ಪ್ರೋಗ್ರಾಮಿನಲ್ಲಿ ಆಂಟಿ ಪ್ರತಿದಿನದ ಲೆಕ್ಕ ಬರೆಯುತ್ತಿದ್ದರು. ಮೊತ್ತದ ಪಕ್ಕ ಒಂದು ಟಿಪ್ಪಣಿ ಬರೆಯುವ ಜಾಗ, ಅಲ್ಲಿ ಕನ್ನಡ. ಊರಿಂದ ಬಂದ ಆಂಟಿಯ ತಮ್ಮ ಯಾವುದೋ ಕನ್ನಡ ಫಾಂಟ್ ಹಾಕಿಕೊಟ್ಟಿದ್ದನಂತೆ. ದಿನವಿಡೀ ಹಿಂದಿ ಮಾತಾಡಿ ಸುಸ್ತಾದ ಹೆಂಗಸು ರಾತ್ರಿ ಅಲ್ಲಿ ಕನ್ನಡದಲ್ಲಿ ಗೊಣಗುತ್ತಿದ್ದರು ಅಂತ ಕಾಣುತ್ತದೆ.

"ಇವತ್ತು ಸಬ್ಬಸಿಗೆ" ಎಂದು ಅಂಕಲ್ ತಾವಾಗಿಯೇ ಹೇಳಿಕೊಂಡು ಎದ್ದು ಚೀಲ ಹುಡುಕಿದರು.

"ಯಾರು ಹೇಳಿದ್ರು ಅಂಕಲ್?"

ಅವರು ಪರದೆ ತೋರಿಸಿದರು. ಹದಿಮೂರು ವರ್ಷದ ಹಿಂದಿನ ಅದೇ ತಾರೀಖು. 'ಸಬ್ಬಸಿಗೆ ಎರಡು ಕಟ್ಟು. ಇವರ ಕೂದಲು ಕಿವಿ ಮುಚ್ಚುತ್ತಿದೆ, ನಾಳೆ ಅಟ್ಟಬೇಕು.'

"ಹಾಗಾದ್ರೆ ನಾಳೆ ಕ್ಷೌರಾನಾ?" ಎಂದು ತಮಾಷೆಗೆ ಕೇಳಿದೆ.

"ಹೌದಮ್ಮ" ಎಂದರು. ಮುಖದಲ್ಲಿ ನಗು ಇರಲಿಲ್ಲ. "ಈಗ 2012 ನಡೀತಿದೆ. ಕಿದ್ವಾಯಿ ನಗರದಲ್ಲಿ ಅದೇ ನಮ್ಮ ಕೊನೇ ಪೂರ್ತಿ ವರ್ಷ."

"ಡಿಸೆಂಬರ್ ಮುಗಿದ ಮೇಲೆ?"

"2011 ಇದೆಯಲ್ಲ."

ಉಪ್ಪಿಟ್ಟಿನ ಡಬ್ಬಿ ಹಿಡಿದು ನಿಂತೇ ಇದ್ದೆ. ಈಗ ಅರ್ಥವಾಯಿತು. ಹಿಂದಿನ ವಾರ ಎರಡು ಕಿಲೋ ಟೊಮೇಟೊ ತಂದು ಪಾತ್ರೆ ತುಂಬ ಸಾರು ಮಾಡಿ ಅರ್ಧ ನಮ್ಮ ಮನೆಗೆ ಕಳಿಸಿದ್ದರು. ಅವತ್ತಿನ ಟಿಪ್ಪಣಿ ಆಮೇಲೆ ನೋಡಿದೆ: 'ನಾರಾಯಣಸ್ವಾಮಿ ಮನೆಯವರೆಲ್ಲ ಊಟಕ್ಕೆ. ಹೇಳದೇ ಕೇಳದೇ ಕರೆದಿದ್ದಾರೆ ಈ ಪುಣ್ಯಾತ್ಮ.' ಅಂಕಲ್‌ರ ಸ್ನೇಹಿತ ಆ ನಾರಾಯಣಸ್ವಾಮಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಆ ಕ್ವಾರ್ಟರ್ಸನ್ನೂ ಒಡೆದು ಅಲ್ಲಿ ಎತ್ತರದ ಕಟ್ಟಡ ಎಬ್ಬಿಸಿದ್ದಾರೆ. ಅಂಕಲ್ ಮಾತ್ರ ಆಂಟಿ ಹೇಳಿದ ಹಾಗೆ ಬೆಳಿಗ್ಗೆ ಎದ್ದು ತರಕಾರಿ ತಂದು, ಅಡುಗೆ ಮಾಡಿ ಉಂಡು, ಹೊದೆಯುವ ರಜಾಯಿ ಬಿಸಿಲಿಗೆ ಹಾಕಿ ಮಲಗುತ್ತಿದ್ದರು. ಬದುಕಿದ್ದರು, ಅಷ್ಟೇ. ಬೈಯಲು ಬಾಯಿ ತೆರೆದವಳು ಉಪ್ಪಿಟ್ಟಿನ ಡಬ್ಬಿಯನ್ನು ಮೇಜಿನ ಮೇಲಿಟ್ಟೆ. ಇದು ತಪ್ಪಿದರೆ ಅವರಿಗೆ ಬೆಳಗಾಗುವುದು ಹೇಗೆ ಎನ್ನುವುದು ನನಗೂ ಗೊತ್ತಿರಲಿಲ್ಲ.

ನವೆಂಬರ್ ಕೊನೆಯಲ್ಲಿ ಒಂದು ದಿನ ಆ ಕಂಪ್ಯೂಟರ್ ಆನ್ ಆಗಲಿಲ್ಲ. ಅಂಕಲ್ ಅದರ ಎದುರು ಕೂತೇ ಇದ್ದರು. ಸಂಜೆ ನೋಯ್ಡಾದಿಂದ ಮಗಳು ಇಂಚರಾ ಬಂದು ನೋಡಿದಾಗ ಗ್ಯಾಸ್ ಒಲೆ ಹಚ್ಚಿಯೇ ಇರಲಿಲ್ಲ. ಮಾರನೇ ದಿನ ಅದಾಗಿಯೇ ಆನ್ ಆಯಿತು. ಇಂಚರಾ ಅಷ್ಟಕ್ಕೆ ಬಿಡುವವಳಲ್ಲ. ದೆಹಲಿಯಲ್ಲೇ ಹುಟ್ಟಿದ ಹುಡುಗಿ. ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ಅಪ್ಪ ಕೂತು ಏನೋ ಲೆಕ್ಕ ನೋಡುತ್ತಾರೆ, ಟೈಮ್ ಪಾಸ್ ಎಂದುಕೊಂಡಿದ್ದಳು.

"ಧಾರಿಣಿ ಅಕ್ಕಾ, ಯಾರ್, ಆ ಡಬ್ಬಾ ಯಾವಾಗ ಬೇಕಾದ್ರೂ ಮರ್ ಜಾಯೇಗಾ. ಎಲ್ಲಾ ಪಪ್ಪಾ ಫೋನ್‌ಗೆ ಶಿಫ್ಟ್ ಮಾಡಿಕೊಡಿ ನಾ. ನಿಮ್ಗೆ ಇದು ರೋಜ್ ಕಾ ಕಾಮ್" ಎಂದಳು.

ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆ ಯಂತ್ರ ಇವತ್ತಲ್ಲ ನಾಳೆ ಕೈಕೊಡುವುದು ಖಂಡಿತ. ಅಂಕಲ್‌ರನ್ನು ಕೇಳಿದೆ.

"ಆಯ್ತಮ್ಮ" ಎಂದರು. ನಾನು ಹೊರಡುವಾಗ, "ಅವಳು ಬರೆದಿರೋದೂ ಬರುತ್ತಾ?" ಎಂದರು. ಆಂಟಿ ಹೋದ ಮೇಲೆ ಅವರು ಬಾಯಿಬಿಟ್ಟು ಬೇಕೆಂದದ್ದು ಅದೊಂದೇ.

"ಎಲ್ಲಾ ಬರುತ್ತೆ ಅಂಕಲ್" ಎಂದೆ.

ಶನಿವಾರ ಕೂತೆ. ಹಳೆಯ ಪ್ರೋಗ್ರಾಮಿನಿಂದ ಲೆಕ್ಕವನ್ನೆಲ್ಲ ಒಂದು ಫೈಲಿಗೆ ಇಳಿಸಿ, ಫೋನಿನ ಹೊಸ ಆ್ಯಪಿಗೆ ಏರಿಸಿದೆ. ಸಾವಿರಾರು ಸಾಲು ಒಂದು ಟೀ ಮುಗಿಯುವುದರೊಳಗೆ ದಾಟಿಬಿಟ್ಟವು. ಆಮೇಲೆ ನಾವು ಮಾಡಿದ್ದು ನಮ್ಮಂಥ ಲೆಕ್ಕದ ಜನ ಮಾಡುವ ಕೆಲಸ, ತಾಳೆ ನೋಡಿದೆವು. ನಾನು ಹಳೆಯದರ ಮೊತ್ತ ಓದುವುದು, ಅಂಕಲ್ ಹೊಸದರಲ್ಲಿ ನೋಡಿ ಹ್ಞೂಂ ಎನ್ನುವುದು. ವರ್ಷ ವರ್ಷದ ಮೊತ್ತ, ಬ್ಯಾಂಕಿನ ಶಿಲ್ಕು, ಕೈಯಲ್ಲಿನ ನಗದು. ಒಂದು ಪೈಸೆ ವ್ಯತ್ಯಾಸವಿಲ್ಲ. ಅಂಕಲ್ ಒಂದು ಕಾಗದ ತಂದು ಪ್ರತಿ ವರ್ಷದ ಮುಂದೆ ಟಿಕ್ ಹಾಕಿ ಕೆಳಗೆ ಸಹಿಯನ್ನೂ ಮಾಡಿದರು. ಕೈಬೆರಳು ಅಷ್ಟು ಚುರುಕಾಗಿ ಆಡಿದ್ದನ್ನು ನೋಡಿ ನನಗೆ ಖುಷಿಯಾಗಿತ್ತು. ಹೊಸ ಆ್ಯಪಿನಲ್ಲಿ ಟಿಪ್ಪಣಿ ಕಾಣಬೇಕಾದರೆ ಸಾಲಿನ ಮೇಲೆ ಬೆರಳೊತ್ತಿ ತೆರೆಯಬೇಕು. ನಾನೂ ತೆರೆಯಲಿಲ್ಲ, ಅವರೂ ತೆರೆಯಲಿಲ್ಲ. ಮೊತ್ತ ಸರಿಬಂದ ಮೇಲೆ ಮತ್ತೇನಾದರೂ ತಪ್ಪಿರಬಹುದು ಎಂದು ನಮ್ಮಂಥವರಿಗೆ ಹೊಳೆಯುವುದೇ ಇಲ್ಲ.

ಭಾನುವಾರ ಸೊಸೈಟಿಗೆ ಹಳೆಯ ಎಲೆಕ್ಟ್ರಾನಿಕ್ ಸಾಮಾನು ಒಯ್ಯುವ ವ್ಯಾನು ಬಂತು. ಇಂಚರಾ ಕಂಪ್ಯೂಟರನ್ನು ಅದಕ್ಕೆ ಹಾಕಿಸಿದಳು. ಅಪ್ಪನನ್ನು ಕೇಳಿಯೇ ಹಾಕಿಸಿದಳು. ಅಪ್ಪ ಏನಂದಿರುತ್ತಾರೆ, ಬೇರೆ ಹೇಳಬೇಕೇ.

ಸೋಮವಾರ ಬೆಳಿಗ್ಗೆ ಅಂಕಲ್ ನಮ್ಮ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಫೋನು.

"ಧಾರಿಣಿ, ಇದು ಓದಕ್ಕೆ ಆಗ್ತಿಲ್ಲ. ನನ್ನ ಕಣ್ಣೋ ಏನೋ."

ಕಣ್ಣಲ್ಲ. ಟಿಪ್ಪಣಿಯ ಜಾಗದಲ್ಲಿ ಉದ್ದಕ್ಕೂ ಪ್ರಶ್ನೆ ಚಿಹ್ನೆಗಳು, ನಡುವೆ ಅಲ್ಲೊಂದು ಇಲ್ಲೊಂದು ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರ. ಹಿಂದಿನ ದಿನ ತೆರೆದೆ, ಹಾಗೇ ಇತ್ತು. ಹಿಂದಿನ ವರ್ಷ, ಅದರ ಹಿಂದಿನದು, ಎಲ್ಲವೂ ಹಾಗೇ. ಆಗಿನ ಕನ್ನಡ ಫಾಂಟುಗಳೇ ಹಾಗಿದ್ದವು. ಪರದೆಯ ಮೇಲೆ ಕಾಣುವುದು ಕನ್ನಡ, ಒಳಗೆ ಕೂತಿರುವುದು ಇಂಗ್ಲಿಷಿನ ಚಿತ್ರವಿಚಿತ್ರ ಗುರುತುಗಳು. ಹಳೆಯ ಪ್ರೋಗ್ರಾಂ ಫೈಲಿಗೆ ಇಳಿಸುವಾಗಲೇ ತನಗೆ ತಿಳಿಯದ ಗುರುತಿಗೆಲ್ಲ ಒಂದೊಂದು ಪ್ರಶ್ನೆ ಚಿಹ್ನೆ ಹಾಕಿ ಕೈತೊಳೆದುಕೊಂಡಿತ್ತು. ನನ್ನ ಹತ್ತಿರವಿದ್ದ ಫೈಲು ತೆರೆದರೆ ಅಲ್ಲೂ ಅದೇ. ಅಸಲು ಇದ್ದದ್ದು ಆ ಯಂತ್ರದಲ್ಲಿ ಮಾತ್ರ.

ಸೊಸೈಟಿಯ ಸೆಕ್ರೆಟರಿಯನ್ನು ಎಬ್ಬಿಸಿ ವ್ಯಾನಿನವರ ನಂಬರು ಹಿಡಿದೆ. "ಮ್ಯಾಡಮ್‌ಜೀ, ವೋ ತೋ ಕಲ್ ಹೀ ಖುಲ್ ಗಯಾ" ಎಂದ ಆ ಕಡೆಯವನು. ನಿನ್ನೆಯೇ ಬಿಚ್ಚಿ ಬಿಡಿಭಾಗ ಮಾಡಿ ಬೇರೆ ಬೇರೆಯವರಿಗೆ ಕೊಟ್ಟಾಗಿತ್ತು. ಇಂಚರಾಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಅವಳು ಅತ್ತಳು. "ಮುಝೇ ಕ್ಯಾ ಪತಾ ಅಕ್ಕಾ, ನೀವಿಬ್ರೂ ಚೆಕ್ ಮಾಡಿದ್ರಲ್ವಾ" ಎಂದಳು. ನಾನು ಫೋನ್ ಇಟ್ಟೆ.

ಅಂಕಲ್ ಅಷ್ಟೂ ಹೊತ್ತು ನಮ್ಮ ಸೋಫಾದ ತುದಿಯಲ್ಲಿ ಕೂತಿದ್ದರು.

"ಇರ್ಲಿ ಬಿಡಮ್ಮ. ಮೊತ್ತ ತಾಳೆ ಇದೆಯಲ್ಲ" ಎಂದರು. ಅವರು ಒಂದು ಮಾತು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಫೋನನ್ನು ಜೇಬಿಗಿಟ್ಟು ಎದ್ದರು. "ತರಕಾರಿಯವನು ಹೊರಟುಬಿಡ್ತಾನೆ."

ಒಬ್ಬರನ್ನೇ ಬಿಡಲು ಭಯವಾಗಿ ಆಫೀಸಿಗೆ ರಜೆ ಹೇಳಿ ಜೊತೆಗೆ ಹೋದೆ. ಗೇಟಿನ ಹೊರಗೆ ಗಾಡಿ ನಿಂತಿತ್ತು. ಮೆಂತ್ಯ, ಮೂಲಂಗಿ, ಹಸಿ ಬಟಾಣಿ, ಹೂಕೋಸು, ಕೆಂಪು ಗಜ್ಜರಿ, ಚಳಿಗಾಲದ ದೆಹಲಿಯಲ್ಲಿ ತರಕಾರಿಗೇನು ಬರ.

"ಬೋಲಿಯೇ ಅಂಕಲ್‌ಜೀ" ಎಂದ ಭಯ್ಯಾ. ಬೆಳಗಾದರೆ ಬಂದು ನಿಂತ ಕಾಲಲ್ಲೇ ಹೆಸರು ಹೇಳಿ ತಗೊಂಡು ಹೋಗುವ ಗಿರಾಕಿ ಇವರು.

ಅಂಕಲ್ ಫೋನು ತೆರೆದು ನೋಡಿದರು. ತರಕಾರಿ, ನಲವತ್ತಾರು ರೂಪಾಯಿ. ಆ ದಿನದ ಲೆಕ್ಕದಲ್ಲಿ ಅಷ್ಟೇ ಉಳಿದಿತ್ತು.

"ಛಿಯಾಲೀಸ್ ಕಾ" ಎಂದರು.

"ಛಿಯಾಲೀಸ್ ಕಾ ಕ್ಯಾ?" ನಲವತ್ತಾರಕ್ಕೆ ಏನು ಕೊಡಲಿ ಎಂದು ಕೇಳಿದ ಭಯ್ಯಾ.

ಅಂಕಲ್ ಗಾಡಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಒಂದು ಗಜ್ಜರಿ ಎತ್ತಿದರು, ಇಟ್ಟರು. ಹಿಂದೆ ನಿಂತಿದ್ದ ಹೆಂಗಸೊಬ್ಬಳು ನಾಲಿಗೆಯಲ್ಲಿ ಲೊಚಗುಟ್ಟಿದಳು. ಅವಳನ್ನು ದುರುಗುಟ್ಟಿ ನೋಡಿದೆ.

"ನಿಮಗೇನಿಷ್ಟ ಅದು ತಗೊಳ್ಳಿ ಅಂಕಲ್" ಎಂದೆ ಮೆಲ್ಲಗೆ.

"ನನಗೇನಮ್ಮ ಇಷ್ಟ?"

ಮಾತಿಗೆ ಕೇಳಿದ್ದಲ್ಲ ಅದು. ನಿಜವಾಗಿಯೂ ನನ್ನನ್ನೇ ಕೇಳುತ್ತಿದ್ದರು. ನಾನು ಮೂಲಂಗಿ ಎಂದೆ, ಬಟಾಣಿ ಎಂದೆ. ಪ್ರತಿಯೊಂದಕ್ಕೂ ಯೋಚಿಸಿ "ಗೊತ್ತಿಲ್ಲ" ಎಂದರು. ಯಾವುದಕ್ಕೂ ಆಯ್ತಮ್ಮ ಎನ್ನಲಿಲ್ಲ. ಆಮೇಲೆ ಚೀಲವನ್ನು ನನ್ನ ಕೈಗೆ ಕೊಟ್ಟರು.

"ಇರು, ಅವಳನ್ನ ಕೇಳ್ಕೊಂಡು ಬಂದ್ಬಿಡ್ತೀನಿ" ಎಂದು ಗೇಟಿನ ಕಡೆ ಹೊರಟರು.

ಚೀಲ ಹಿಡಿದು ಹಿಂದೆಯೇ ನಡೆದೆ. ಗೇಟಿನ ಒಳಗೆ ಕಾಲಿಟ್ಟವರು ಅಲ್ಲೇ ನಿಂತುಬಿಟ್ಟರು. ತಿರುಗಿ ನನ್ನನ್ನು ನೋಡಿದರು. ಆ ಮುಖ ಕಂಡು, ಆಂಟಿ ಹೋದ ಸುದ್ದಿ ಅವರಿಗೆ ಮುಟ್ಟಿದ್ದು ಈಗಲೇ ಎಂದು ತಿಳಿಯಿತು.

"ಧಾರಿಣಿ, ವೈಜಯಂತಿ ಇಲ್ವಲ್ಲಮ್ಮ" ಎಂದರು.

ಅಲ್ಲೇ ವಾಚ್‌ಮನ್‌ನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಸಿದು, ಹೋಗಿ ಬರುವವರ ಎದುರಲ್ಲೇ ದನಿ ತೆಗೆದು ಅತ್ತರು. ನಾನು ಖಾಲಿ ಚೀಲ ಹಿಡಿದು ಪಕ್ಕದಲ್ಲಿ ನಿಂತಿದ್ದೆ.