ಟೊಂಕದ ಮೇಲಿನ ನೀಲಿ

ಹೆರಿಗೆ ನರ್ಸ್ ತರಬೇತಿಯಲ್ಲಿ ನನಗೆ ಅತಿ ಹೆಚ್ಚು ಸಿಟ್ಟು ತರಿಸಿದ್ದು ಮಚ್ಚೆಗಳ ಪಾಠ. ತೊಂಬತ್ತರ ದಶಕದ ಮಾತು. ನಮ್ಮ ಪುಸ್ತಕದ ಚಿತ್ರಗಳಲ್ಲಿದ್ದ ಕೂಸುಗಳೆಲ್ಲ ಬೆಳ್ಳಗೆ, ಕೆಂಪು ಮಚ್ಚೆಯವು. ಒಂದು ಮಚ್ಚೆಗಂತೂ ಸ್ಟ್ರಾಬೆರಿ ಹಣ್ಣಿನ ಹೆಸರು. ಹರಪನಹಳ್ಳಿ ಸಂತೆಯಲ್ಲಿ ಆ ಹಣ್ಣನ್ನು ಯಾರು ಕಂಡಿದ್ದರು, ಕರ್ಮ! ನಾವು ದಿನಾ ಎತ್ತಿಕೊಳ್ಳುತ್ತಿದ್ದ ಕೂಸುಗಳ ಟೊಂಕದ ಮೇಲೆ ಇರುತ್ತಿದ್ದುದು ನೀಲಿ ಮಚ್ಚೆ, ಏಟು ಬಿದ್ದು ಕಂದಿದ ಹಾಗೆ. ಅದರ ಬಗ್ಗೆ ಒಂದೇ ಸಾಲು: ತೊಂದರೆಯಿಲ್ಲ, ಕೆಲವು ವರ್ಷಗಳಲ್ಲಿ ತಾನಾಗಿ ಮಾಸುತ್ತದೆ. ಮನೆಯವರಿಗೆ ಇದನ್ನು ಹೇಗೆ ತಿಳಿಸಬೇಕು ಎಂದು ಕೇಳಿದರೆ ಪಾಠದ ಮೇಡಂ, "ಪರೀಕ್ಷೆಗೆ ಅಷ್ಟು ಸಾಕು" ಎಂದು ಹಾಳೆ ತಿರುವಿದರು.

ಗುಡೇಕೋಟೆ ಕಡೆಯಿಂದ ನಮ್ಮ ಆಸ್ಪತ್ರೆಗೆ ಬಂದಿದ್ದ ಹುಡುಗಿಯೊಬ್ಬಳಿಗೆ ಚೊಚ್ಚಲ ಹೆರಿಗೆಯಾಯಿತು. ಹೆಣ್ಣು ಕೂಸು. ಅವಳ ಅತ್ತೆ ಅರಿವೆ ಸರಿಸಿ ನೋಡಿದವಳೇ ಹೌಹಾರಿದಳು.

"ಯವ್ವಾ, ನೆತ್ತರ ಕಂದೈತಿ! ಕೂಸು ಉಳಿಯಂಗಿಲ್ಲ. ಏನು ಔಷಧ ಕೊಡ್ತೀರಿ ಸಿಸ್ಟರ?"

"ಏನೂ ಬ್ಯಾಡ್ರಿ ಅಮ್ಮ, ತಾನಾಗೇ ಹೋಗ್ತೈತಿ."

"ಏನೂ ಕೊಡಂಗಿಲ್ಲ?"

ಬಾಯಿ ನೋಯುವಷ್ಟು ಹೇಳಿದೆ. ತಲೆಯಾಡಿಸಿದಳು. ಆ ತಲೆಯಾಟ ನೋಡಿಯೇ ನನಗೆ ದಿಗಿಲಾಯಿತು. ನಮ್ಮ ಕಡೆ ಹೊಟ್ಟೆಯುಬ್ಬರಕ್ಕೂ ಬರೆ, ಅಳು ನಿಲ್ಲದಿದ್ದರೂ ಬರೆ. ಬಳೆಚೂರು ಕಾಯಿಸಿ ಎಳೆಗೂಸಿನ ಮೈಗೆ ಒತ್ತುತ್ತಾರೆ. "ಬರಿ ಮಾತ್ರ ಹಾಕಿಸಬ್ಯಾಡ್ರಿ, ಕೈ ಮುಗೀತೀನಿ" ಎಂದೆ. ನೀವಾದರೂ ಅವರಿಗೆ ಒಂದು ಮಾತು ಹೇಳಿ ಎಂದು ಡಾಕ್ಟರನ್ನು ಕೇಳಿಕೊಂಡರೆ, ಇಂಥದ್ದಕ್ಕೆಲ್ಲ ನಾನೇ ಬರಬೇಕಾ ಎಂದು ರೇಗಿದರು.

ಒಂದೂವರೆ ತಿಂಗಳ ಲಸಿಕೆಗೆ ಅತ್ತೆ ಸೊಸೆ ಕೂಸನ್ನು ಕರೆತಂದರು. ಅಂಗಿ ಎತ್ತಿದೆ. ನೀಲಿ ಇದ್ದ ಹಾಗೇ ಇತ್ತು. ಅದರ ಮೇಲೆ ಸಾಲಾಗಿ ಬರೆಗಳು, ಮಾಯ್ದು ಗಂಟುಗಟ್ಟಿದ್ದವು.

"ಅಷ್ಟೊಂದು ಬಡಕೊಂಡೆನಲ್ರಿ ನಾನು!" ಎಂದು ಕೂಗಿಯೇಬಿಟ್ಟೆ.

ಅತ್ತೆಗೂ ಸಿಟ್ಟು ಬಂತು. "ಬೈಬ್ಯಾಡ್ರಿ. ನೀವು ಒಂದು ಹನಿ ಔಷಧ ಕೊಡ್ಲಿಲ್ಲ. ದವಾಖಾನ್ಯಾಗ ಕೈಬಿಟ್ಟ ಮ್ಯಾಲೆ ನಮಗ ಬರಿ ಬಿಟ್ರ ಏನೈತಿ? ಮೊಮ್ಮಗಳು ಬದುಕಬೇಕಲ್ಲ!" ಹೇಳುತ್ತ ಹೇಳುತ್ತ ಅವಳ ಕಣ್ಣಲ್ಲಿ ನೀರು ಬಂತು. ಇನ್ನು ಯಾರನ್ನಂತ ಬೈಯಲಿ? ದಿನಾ ಒಂಚೂರು ಕೊಬ್ಬರಿಎಣ್ಣೆ ಸವರಿ ಎಂದಿದ್ದರೂ ಸಾಕಿತ್ತು, ಸುಮ್ಮನಿರುತ್ತಿದ್ದಳು. ಅಂಥದ್ದನ್ನು ನಮಗೆ ಯಾರೂ ಕಲಿಸಲಿಲ್ಲ.

ಅತ್ತೆ ಮೂಗೊರೆಸಿಕೊಳ್ಳುತ್ತ ಹೊರಗೆ ಹೋದ ಮೇಲೆ, ಸೊಸೆ ಕೂಸಿನ ಟೊಂಕದ ಮೇಲೆ ಬೆರಳಾಡಿಸುತ್ತ ಮೆಲ್ಲಗೆ ಕೇಳಿದಳು:

"ಅಕ್ಕಾರ, ನೀಲಿ ತಾನಾಗೇ ಹೋಗ್ತೈತಿ ಅಂದ್ರಿ. ಈ ಬರಿ ಗುರ್ತೂ ಹೋಗ್ತೈತೇನ್ರಿ?"

"ಇಲ್ಲವ್ವ" ಎಂದೆ. "ಇದು ಹೋಗಂಗಿಲ್ಲ."