ಡೈರೆಕ್ಟ್ ಚಾಂದಸಾಬ್

ಬಳ್ಳಾರಿ ಕಂಟೋನ್ಮೆಂಟಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ ಚಾಂದಸಾಬನನ್ನು ನಮ್ಮ ಕಡೆ ಎಲ್ಲರೂ ಡೈರೆಕ್ಟ್ ಚಾಂದಸಾಬ್ ಎನ್ನುತ್ತಿದ್ದರು. ನಾನೂ ಅವನೂ ಒಂದೇ ಶಾಲೆಯಲ್ಲಿ ಏಟು ತಿಂದವರು. ಕರೆಂಟು ಹೋದಾಗ ಮೋಟಾರು ನಿಲ್ಲಿಸಿ, ಯಾರಾದರೂ ಬಂದು ಗುಂಡಿ ಒತ್ತುವ ತನಕ ಸುಮ್ಮನಿರಿಸುವ ಸ್ಟಾರ್ಟರ್ ಎಂದರೆ ರೈತರಿಗೆ ಆಗದು. ಚಾಂದಸಾಬ್ ಅದರ ಎರಡು ವೈರು ಬಿಚ್ಚಿ ಗಂಟು ಹಾಕಿದನೆಂದರೆ ಮುಗಿಯಿತು, ಕರೆಂಟು ಬಂದೊಡನೆ ಮೋಟಾರು ತಾನೇ ಶುರು. ಇದಕ್ಕೆ ಡೈರೆಕ್ಟ್ ಮಾಡುವುದು ಎನ್ನುತ್ತಾರೆ. ಮೋಕದ ನನ್ನ ಹೊಲದ ಮೋಟಾರಿಗೂ ಅವನೇ ಮಾಡಿಕೊಟ್ಟಿದ್ದ. ಕಂಪನಿಯವರು ಇಟ್ಟ ಅಡ್ಡಿಗಳನ್ನು ಕಿತ್ತೆಸೆಯುವುದೇ ಮೆಕಾನಿಕ್ಕನ ಬುದ್ಧಿವಂತಿಕೆ ಎಂದು ಅವನು ನಂಬಿದ್ದ. ನಾವೂ ಹೊಗಳಿ ಹೊಗಳಿ ಅಟ್ಟಕ್ಕೇರಿಸಿದ್ದೆವು.

ಎರಡು ಸಾವಿರದ ಏಳನೇ ಇಸವಿ. ಅದಿರು ಲಾರಿಗಳ ಕೆಂಪು ಧೂಳಿಗೆ ಊರೇ ಕೆಮ್ಮುತ್ತಿತ್ತು. ನಿನ್ನೆ ಮೊನ್ನೆ ಸೈಕಲ್ ತುಳಿದವರ ಮನೆ ಮುಂದೆ ಎರಡೆರಡು ಕಾರು. ಅಂಥವರಲ್ಲೊಬ್ಬ ಕುರುಗೋಡಿನ ಶರಣ. ಅವನು ಗೋವಾದಿಂದ ಹಳೆಯದೊಂದು ನೀರಿನ ಸ್ಕೂಟರ್ ತರಿಸಿದ. ಅದಕ್ಕೆ ಸೀಟಿಲ್ಲ. ಹಿಂದೆ ನಿಂತು, ಮೇಲೆ ಕೆಳಗೆ ಆಡುವ ಉದ್ದನೆಯ ಹ್ಯಾಂಡಲ್ ಹಿಡಿದು ಓಡಿಸಬೇಕು. ಹೊಟ್ಟೆಯಡಿಯಿಂದ ನೀರು ಹೀರಿ ಹಿಂದಕ್ಕೆ ಉಗುಳುತ್ತಾ ಮುಂದೆ ಹೋಗುವ ಗಾಡಿ. ತುಂಗಭದ್ರೆಯ ಪಾಚಿ, ಭತ್ತದ ಹುಲ್ಲು ಸಿಕ್ಕಿಕೊಂಡು ಅದು ಚಾಂದಸಾಬನ ಗ್ಯಾರೇಜಿಗೆ ಬಂತು.

"ಇದೂ ಪಂಪ್‌ಸೆಟ್ಟೇ ಲೇ ಸಿದ್ದಾ, ಹೊಲಕ್ಕ ಬಿಡೋ ನೀರು ಹಿಂದಕ್ಕ ಬಿಡತೈತಿ, ಅಷ್ಟ" ಎಂದು ನನಗೆ ಹೇಳಿದ ಚಾಂದಸಾಬ್. ಹುಲ್ಲು ಬಿಡಿಸಿ, ಒಳಗಿನ ಫ್ಯಾನಿನ ಮೊಂಡು ಅಂಚುಗಳನ್ನು ಅರದಿಂದ ತೀಡಿ, ಕಾರ್ಬುರೇಟರ್ ತೊಳೆದ. ನಿಧಾನಕ್ಕೆ ಬಿಟ್ಟರೆ ಬಂದ್ ಆಗುತ್ತದೆಂದು ಇಂಜಿನ್ನಿನ ಕನಿಷ್ಠ ವೇಗ ಹೆಚ್ಚಿಸುವ ಸ್ಲೋ ಸ್ಕ್ರೂ ಎರಡು ಸುತ್ತು ಏರಿಸಿದ. ಈಗ ಕೈ ಬಿಟ್ಟರೂ ಅದು ಓಡುತ್ತಿತ್ತು.

ಉಳಿದದ್ದು ಹಗ್ಗ. ಓಡಿಸುವವನ ಮಣಿಕಟ್ಟಿಗೆ ಕಟ್ಟುವ ಸುರುಳಿ ಹಗ್ಗ. ಅವನು ಬಿದ್ದರೆ ಅದು ಕಿತ್ತುಬಂದು ಇಂಜಿನ್ ನಿಲ್ಲುತ್ತದೆ. ಶರಣನೋ ದಿನಕ್ಕೆ ಇಪ್ಪತ್ತು ಸಲ ಬೀಳುವ ಶೂರ.

"ಬಿದ್ದಾಗೊಮ್ಮೆ ಬಂದ್ ಆಗತೈತಿ ಚಾಚಾ. ಗೆಳೆಯರ ಮುಂದ ಮರ್ಯಾದಿ ಹೋಗತೈತಿ. ಡೈರೆಕ್ಟ್ ಮಾಡಿಬಿಡು."

"ಅದೆಷ್ಟರ ಕೆಲಸ ಸಾವ್ಕಾರ್ರ" ಎಂದು ಹತ್ತು ನಿಮಿಷದಲ್ಲಿ ಹಗ್ಗ ಕಿತ್ತು, ಅದರ ವೈರು ಗಂಟು ಹಾಕಿ ಮುಗಿಸಿದ.

ಮಂಗಳವಾರ ನನ್ನ ಹೊಲದ ಕೃಷಿಹೊಂಡದಲ್ಲಿ ಪರೀಕ್ಷೆ. ಚಾಂದಸಾಬ್ ಹತ್ತಿ ನಿಂತ, ಜಾರಿ ಬಿದ್ದ. ಗಾಡಿ ನಿಲ್ಲಲಿಲ್ಲ. ಹೊಂಡದ ತುಂಬ ಒಂದು ಸುತ್ತು ಹಾಕಿ ಅವನು ಬಿದ್ದಲ್ಲಿಗೇ ಬಂತು. ಅವನು ಮುಳುಗಿದ, ಅದು ತಲೆಯ ಮೇಲೆ ಹಾದುಹೋಯಿತು. ಎರಡನೇ ಸುತ್ತಿಗೆ ದಂಡೆಯ ಕೆಸರಿಗೆ ನುಗ್ಗಿ ಅರಚುತ್ತಾ ನಿಂತಾಗ ಅವನು ತೆವಳಿ ಹೋಗಿ ಪೆಟ್ರೋಲ್ ಕಾಕ್ ತಿರುಗಿಸಿ ಬಂದ್ ಮಾಡಿದ.

ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. "ಸಾಕಿದ ನಾಯಿ ಹಂಗ ನಿನ್ನ ಹುಡುಕ್ಕೊಂತ ಬರತೈತಲ್ಲೋ!"

ಅವನು ನಗಲಿಲ್ಲ. "ಆ ಹಗ್ಗ ಯಾಕಿತ್ತು ಅಂತ ಈಗ ಗೊತ್ತಾತು ಸಿದ್ದಾ."

"ಹಂಗಾದ್ರ ತಿರುಗಿ ಹಾಕು."

"ಹಾಕಿ ಏನಂತ ಹೇಳ್ಲಿ? ಚಾಂದಸಾಬ್‌ಗ ಮಷೀನ್ ತಿಳೀಲಿಲ್ಲ ಅಂತ ಹೇಳ್ಲೇನು?"

 ಅವತ್ತು ನಾನು ಬೈದು ಹಗ್ಗ ಹಾಕಿಸಬೇಕಿತ್ತು. ಬುಧವಾರ ಶರಣನ ಜೀಪು ಬಂದು ಗಾಡಿ ಒಯ್ದಿತು.

ಭಾನುವಾರ ಸಿರುಗುಪ್ಪದ ಹತ್ತಿರದ ಹೊಳೆ ದಂಡೆಗೆ ಶರಣ ನಮ್ಮಿಬ್ಬರನ್ನೂ ಕರೆದಿದ್ದ. ಹಗ್ಗ ಚಾಂದಸಾಬನ ಜೇಬಿನಲ್ಲಿತ್ತು. ಶರಣನನ್ನು ಪಕ್ಕಕ್ಕೆ ಕರೆದು ಹೇಳುವುದೆಂದು ದಾರಿಯುದ್ದಕ್ಕೂ ನನ್ನ ಮುಂದೆ ಹೇಳಿಕೊಂಡಿದ್ದ. ಹೋದರೆ ಅಲ್ಲಿ ಹತ್ತಿಪ್ಪತ್ತು ಜನ ಗೆಳೆಯರು. ಶರಣ ಅವನ ಹೆಗಲ ಮೇಲೆ ಕೈ ಹಾಕಿ, "ಗೋವಾದವ್ರ ಕೈಲೂ ಆಗದ್ದನ್ನ ಮಾಡ್ಯಾನ ನೋಡ್ರಿ ನಮ್ಮ ಚಾಚಾ" ಎಂದ. ಎಲ್ಲರೂ ಚಪ್ಪಾಳೆ ಹೊಡೆದರು. ಜೇಬಿಗೆ ಹೋದ ಕೈ ಅಲ್ಲೇ ಉಳಿಯಿತು.

ಶರಣ ನಡುಹೊಳೆಯಲ್ಲಿ ಜೋರಾಗಿ ತಿರುಗಿಸಿ ಬಿದ್ದ. ಆಚೆ ದಡಕ್ಕೆ ಜನರನ್ನು ದಾಟಿಸಿ ಬರುತ್ತಿದ್ದ ಅಂಬಿಗ ಅಂಜಿನಪ್ಪ ಅದನ್ನು ಕಂಡ. ನೀರಿಗೆ ಬಿದ್ದವನು ಯಾರೇ ಇರಲಿ, ಅಂಬಿಗನಾದವನು ಹರಿಗೋಲು ತಿರುಗಿಸಲೇಬೇಕು. ಅವರಲ್ಲಿ ಅದೇ ಧರ್ಮ. ಅವನು ತಿರುಗಿಸಿದ.

"ಬ್ಯಾಡೋ! ದೂರ ಹೋಗೋ!" ಎಂದು ಚಾಂದಸಾಬ್ ಎದೆಮಟ್ಟದ ನೀರಿಗಿಳಿದು ಕೂಗಿಕೊಂಡ. ಇಂಜಿನ್ನಿನ ಸದ್ದಿನಲ್ಲಿ ಯಾರಿಗೆ ಕೇಳಬೇಕು? ತಾನೇ ಸುತ್ತುತ್ತಿದ್ದ ಗಾಡಿ ಮೊದಲ ಸುತ್ತಿಗೆ ಹರಿಗೋಲಿನ ಪಕ್ಕದಲ್ಲೇ ಹಾದುಹೋಯಿತು. ಎರಡನೆಯದಕ್ಕೆ ಬಡಿದು ಹರಿಗೋಲು ಮಗುಚಿತು. ಶರಣ ಈಜಿ ದಡ ಸೇರಿದ. ಅಂಜಿನಪ್ಪ ಮೇಲೆ ಬರಲಿಲ್ಲ. ಸುತ್ತುತ್ತಲೇ ಇದ್ದ ಗಾಡಿಗೆ ಹೆದರಿ ಯಾರೂ ಅವನನ್ನು ಹುಡುಕಲು ಇಳಿಯಲಿಲ್ಲ. ಪೆಟ್ರೋಲ್ ಮುಗಿಯುವ ತನಕ ಅಷ್ಟೂ ಜನ ದಂಡೆಯ ಮೇಲೆ ನಿಂತು ನೋಡಿದೆವು.

ಪೊಲೀಸರು ಆಕಸ್ಮಿಕ ಎಂದು ಬರೆದುಕೊಂಡರು. ಮೂರನೇ ದಿನ ಚಾಂದಸಾಬ್ ಅಂಜಿನಪ್ಪನ ಹೆಂಡತಿ ಗಿಡ್ಡಮ್ಮನ ಮನೆಗೆ ಹೋದ. ನಾನು ಹಿಂದೆ ನಿಂತಿದ್ದೆ. ತಾನು ಮಾಡಿದ್ದೆಲ್ಲ ಹೇಳಿದ, ಒಂದನ್ನೂ ಮುಚ್ಚಿಡಲಿಲ್ಲ. ಗಿಡ್ಡಮ್ಮ ಅಳಲಿಲ್ಲ, ಬೈಯಲೂ ಇಲ್ಲ.

"ಗೊತ್ತಿದ್ದು ಮಾಡಿದ್ಯೋ, ಗೊತ್ತಿಲ್ಲದ ಮಾಡಿದ್ಯೋ ಅಣ್ಣಾ?"

"ಮಾಡುವಾಗ ಗೊತ್ತಿರಲಿಲ್ಲವ್ವಾ. ಮಂಗಳವಾರ ಗೊತ್ತಾತು."

ಅವಳು ಬೆರಳು ಮಡಚುತ್ತಾ ಬುಧವಾರದಿಂದ ಭಾನುವಾರದವರೆಗೆ ಎಣಿಸಿದಳು. ಆಮೇಲೆ ನನ್ನ ಕಡೆ ನೋಡಿ, "ಇವ್ರು ಯಾರು?" ಎಂದಳು.

"ನನ್ನ ದೋಸ್ತ" ಎಂದ ಚಾಂದಸಾಬ್. ಮಂಗಳವಾರ ನಾನೂ ಅಲ್ಲಿದ್ದೆನೆಂದು ಅವನು ಹೇಳಲಿಲ್ಲ. ನಾನೂ ಹೇಳಲಿಲ್ಲ.