ದಾಖಲಾಗದ ಮೂರು ‘ಬೇಡ’ಗಳು

ಅತಿ ಕಡಿಮೆ ಜಾಗದಲ್ಲಿ ಕೆಲಸ ಮಾಡುವ ಕರ್ನೆಲ್‌ಗಳನ್ನು ರೂಪಿಸುವ ವಿದ್ಯೆಯಲ್ಲಿ ಮೂವತ್ತೊಂದು ವರ್ಷ ಪಳಗಿ, ಈ ತಿಂಗಳ ಕೊನೆಗೆ ನಮ್ಮ ವೈದ್ಯಕೀಯ ಉಪಕರಣಗಳ ಕಾರ್ಖಾನೆಯಿಂದ ನಿವೃತ್ತರಾಗುತ್ತಿರುವ ಹಿರಿಯ ಇಂಜಿನಿಯರ್ ಮೇಡಂ ಅವರನ್ನು ಕುರಿತು ನಾಲ್ಕು ಮಾತು ಬರೆಯುವ ಭಾಗ್ಯ ಈ ಲೇಖಕಿಯ ಪಾಲಿಗೆ ಬಂದಿದೆ. ಭಾಗ್ಯ ಎಂದದ್ದು ಶಿಷ್ಟಾಚಾರಕ್ಕೆ. ಅವರನ್ನು ಗೌರವಿಸುವುದು ಎಷ್ಟು ಸುಲಭವೋ ಅವರೊಡನೆ ಕೆಲಸ ಮಾಡುವುದು ಅಷ್ಟೇ ಕಷ್ಟ ಎಂಬುದನ್ನು, ಹದಿನೇಳು ವರ್ಷ ಅವರ ಪಕ್ಕದ ಮೇಜಿನಲ್ಲಿ ಕೂತು ಏಗಿದವಳು ಬಲ್ಲಳು.

ಕರ್ನೆಲ್ ಎಂದರೆ ಯಂತ್ರಕ್ಕೆ ವಿದ್ಯುತ್ತು ಬಂದೊಡನೆ ಮೊದಲು ಎದ್ದು, ಉಳಿದೆಲ್ಲ ಭಾಗಗಳನ್ನೂ ಎಬ್ಬಿಸಿ ಕೆಲಸಕ್ಕೆ ಹಚ್ಚುವ ತಂತ್ರಾಂಶ. ಅದರಲ್ಲಿ ಏನಿರಬೇಕು, ಏನಿರಬಾರದು ಎಂಬುದಕ್ಕೆ ಸಾವಿರಾರು ಸಾಲುಗಳ ಒಂದು ಪಟ್ಟಿಯಿದೆ. ಪ್ರತಿ ಸಾಲಿಗೂ ಬೇಕು ಅಥವಾ ಬೇಡ ಎಂದು ಗುರುತು ಹಾಕಬೇಕು. ಲೋಕದಲ್ಲಿ ಎಲ್ಲರೂ ಸಿದ್ಧವಿರುವ ಪಟ್ಟಿಯಿಂದ ಬೇಡವಾದದ್ದನ್ನು ತೆಗೆಯುತ್ತಾ ಹೋಗುತ್ತಾರೆ. ಮೇಡಂ ಮಾತ್ರ ಎಲ್ಲ ಸಾಲಿಗೂ ‘ಬೇಡ’ ಹಾಕಿ, ಬರಿಗೈಯಿಂದ ಶುರುಮಾಡುತ್ತಾರೆ. ಒಂದು ‘ಬೇಕು’ ಸೇರಿಸಲಿ, ಒಂದು ‘ಬೇಡ’ ಮಾಡಲಿ, ರಟ್ಟಿನ ಫೈಲಿನಲ್ಲಿ ಕಾರಣ ಬರೆದು ಸಹಿ ಹಾಕಬೇಕು. ಕಂಪ್ಯೂಟರಿನಲ್ಲಿ ಬರೆದರೆ ಸಾಲದು, ಪೆನ್ನಿನಲ್ಲೇ ಬರೆಯಬೇಕು.

ಈ ಲೇಖಕಿ ಕೆಲಸಕ್ಕೆ ಸೇರಿದ ಮೊದಲ ಮೂರು ವಾರ ಕಪ್ಪು ಪರದೆಯನ್ನೇ ನೋಡುತ್ತಾ ಕೂತಿದ್ದಳು. ಏನನ್ನು ಸೇರಿಸಿದರೆ ಯಂತ್ರ ಏಳುತ್ತದೆಂಬುದು ಮೇಡಂಗೆ ಗೊತ್ತಿತ್ತು, ಆದರೆ ಹೇಳುತ್ತಿರಲಿಲ್ಲ. ಕೇಳಿದರೆ, ಒಂದೊಂದೇ ಸೇರಿಸಿ ನೋಡು ಎನ್ನುವುದು ಅವರ ಏಕಮಾತ್ರ ಉಪದೇಶ. ಮೈ ಪರಚಿಕೊಳ್ಳುವಂತಾಗುತ್ತಿತ್ತು. ಒಮ್ಮೆ ಒಂದೇ ಒಂದು ಸಾಲಿನ ಬಗ್ಗೆ ಬೆಳಗಿನಿಂದ ಊಟದ ಹೊತ್ತಿನವರೆಗೆ ವಾದಿಸಿ, ಕೊನೆಗೆ ಲೇಖಕಿಯ ಮಾತೇ ಸರಿಯೆಂದು ಒಪ್ಪಿ, ಹಾಗಿದ್ದರೆ ಕಾರಣವನ್ನು ಇನ್ನೂ ಚೆನ್ನಾಗಿ ಬರೆ ಎಂದು ಹಾಳೆ ವಾಪಸು ಕೊಟ್ಟರು.

ಇಂಥವರ ಒಳ್ಳೆಯತನವೂ ಜೀವ ಹಿಂಡುವಂಥದ್ದೇ. ಲೇಖಕಿಯ ಅಮ್ಮನಿಗೆ ಹೃದಯದ ಶಸ್ತ್ರಚಿಕಿತ್ಸೆಯಾದಾಗ, ಹತ್ತು ದಿನ ಆಫೀಸಿನ ಕಡೆ ತಲೆ ಹಾಕಬೇಡ ಎಂದು ಅವಳ ಪಾಲಿನ ಕೆಲಸವನ್ನೂ ತಾವೇ ಮಾಡಿ ಮುಗಿಸಿದರು. ನಾಲ್ಕನೆಯ ದಿನ ಆಸ್ಪತ್ರೆಗೆ ಬಂದು, ಅಮ್ಮನ ತಲೆ ನೇವರಿಸಿ, ಲೇಖಕಿಯನ್ನು ಬಲವಂತವಾಗಿ ಮನೆಗೆ ಕಳಿಸಿ, ಆ ರಾತ್ರಿ ತಾವೇ ಬೆಂಚಿನ ಮೇಲೆ ಮಲಗಿದರು. ಕಳಿಸುವ ಮುಂಚೆ ಮಾತ್ರ ಚೀಲದಿಂದ ಫೈಲು ತೆಗೆದು ಎರಡು ಸಹಿ ಹಾಕಿಸಿಕೊಂಡರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಇನ್ನು ಈ ಲೇಖನವನ್ನು ಬರೆಯಲು ಒಪ್ಪಿಕೊಂಡದ್ದು ಯಾವುದಕ್ಕಾಗಿಯೋ ಅದಕ್ಕೆ ಬರಬೇಕು. ಒಂಬತ್ತು ವರ್ಷದ ಹಿಂದಿನ ಮಾತು. ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆಗೆ ಹೊಸ ಚಿಪ್ ಬಂದಿತ್ತು. ಹಳೆಯದರ ಅರ್ಧದಷ್ಟೇ ಜಾಗ. ಮೇಡಂ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ರಜೆಯಲ್ಲಿದ್ದರು. ಪೀಡೆ ತೊಲಗಿತು ಎಂಬ ಹುಮ್ಮಸ್ಸಿನಲ್ಲಿ ಲೇಖಕಿ ಒಂದೇ ಮಧ್ಯಾಹ್ನದಲ್ಲಿ ಹಳೆಯ ಪಟ್ಟಿಯ ನಲವತ್ತೊಂದು ಸಾಲುಗಳಿಗೆ ‘ಬೇಡ’ ಹಾಕಿದಳು. ಮೂವತ್ತೆಂಟನ್ನು ಫೈಲಿನಲ್ಲಿ ಬರೆದಳು. ಕೊನೆಯ ಮೂರು ಬರೆಯುವಷ್ಟರಲ್ಲಿ ಬಸ್ಸಿನ ಹೊತ್ತಾಗಿತ್ತು. ನಾಳೆ ಬರೆದರಾಯಿತು ಎಂದುಕೊಂಡಳು, ಬರೆಯಲಿಲ್ಲ.

ಆ ಮೂರರಲ್ಲಿ ಒಂದು, ಕರ್ನೆಲ್ ತನಗೇನಾಯಿತೆಂದು ಹೇಳುವ ಸಂದೇಶಗಳು. ಇನ್ನೊಂದು, ತನ್ನ ಪಟ್ಟಿಯ ನಕಲನ್ನು ತನ್ನೊಳಗೇ ಇಟ್ಟುಕೊಳ್ಳುವ ಸೌಲಭ್ಯ. ಮೂರನೆಯದು ಕಾವಲು ಗಡಿಯಾರ, ಅಂದರೆ ಯಂತ್ರ ಎಲ್ಲಾದರೂ ಸಿಕ್ಕಿಕೊಂಡು ನಿಂತರೆ ಕೆಲವೇ ಸೆಕೆಂಡುಗಳಲ್ಲಿ ಅದನ್ನು ಮತ್ತೆ ಎಬ್ಬಿಸುವ ವ್ಯವಸ್ಥೆ. ಸಾಲದ್ದಕ್ಕೆ, ಕೆಲಸ ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಉಳಿದ ಕಸ ಗುಡಿಸಲೆಂದು ಕೊಟ್ಟ ಆದೇಶ ಕಸದ ಜೊತೆ ತಿದ್ದಿದ ಪಟ್ಟಿಯನ್ನೂ ಅಳಿಸಿಹಾಕಿತು. ಈ ಕಸುಬಿನಲ್ಲಿ ಇದೊಂದು ತಪ್ಪನ್ನು ಎಲ್ಲರೂ ಒಮ್ಮೆ ಮಾಡುತ್ತಾರೆ. ಲೇಖಕಿ ಅದನ್ನು ಮಾಡಬಾರದ ದಿನ ಮಾಡಿದಳು.

ಅಂಥ ಹನ್ನೊಂದು ಪೆಟ್ಟಿಗೆಗಳು ಒಂದು ಮಕ್ಕಳ ವಾರ್ಡಿಗೆ ಹೋದವು. ಒಂಬತ್ತನೆಯ ದಿನ ಒಂದು ಪೆಟ್ಟಿಗೆ ಕೆಲಸ ನಿಲ್ಲಿಸಿ ತಣ್ಣಗೆ ಕೂತಿತು. ಪರದೆಯ ಮೇಲೆ ಬಿಸಿಯ ಅಂಕಿ ಹಾಗೇ ಇತ್ತು. ಕೂಸಿನ ಅಂಗಾಲು ಮುಟ್ಟಿ ನೋಡುವ ಅಭ್ಯಾಸವಿದ್ದ ಹಿರಿಯ ನರ್ಸಮ್ಮ ಸಕಾಲಕ್ಕೆ ಎತ್ತಿಕೊಂಡದ್ದರಿಂದ ಕೂಸು ಉಳಿಯಿತು. ಹನ್ನೊಂದೂ ಪೆಟ್ಟಿಗೆಗಳನ್ನು ಬಂದ್ ಮಾಡಿ, ಕೂಸುಗಳನ್ನು ತಾಯಂದಿರ ಎದೆಗೆ ಒರಗಿಸಿ, ನರ್ಸುಗಳು ಸರದಿಯಲ್ಲಿ ಕಾವಲು ಕೂತರು.

ಮೇಡಂ ಕಪ್ಪು ಕನ್ನಡಕದಲ್ಲೇ ಓಡಿಬಂದರು. ಫೈಲು ತಿರುವಿ, “ತೆಗೆದಿದ್ದು ಇಷ್ಟೇನಾ?” ಎಂದು ಕೇಳಿದರು.

“ಇಷ್ಟೇ ಮೇಡಂ,” ಎಂದಳು ಲೇಖಕಿ.

ಪಟ್ಟಿ ಅಳಿದಿತ್ತು, ಯಂತ್ರದೊಳಗೂ ಅದರ ನಕಲಿರಲಿಲ್ಲ; ಮೇಡಂ ಉಳಿದಿದ್ದ ಫೈಲಿನಂತೆಯೇ ಕರ್ನೆಲನ್ನು ಮತ್ತೆ ಕಟ್ಟಿದರು. ಅದು ವಾರ್ಡಿನಲ್ಲಿದ್ದದ್ದಕ್ಕಿಂತ ಗಾತ್ರದಲ್ಲಿ ದೊಡ್ಡದಾಗಿತ್ತು. ಅಂದರೆ ಬರೆಯದೆ ಇನ್ನೇನೋ ತೆಗೆಯಲಾಗಿದೆ; ಅದೇನೆಂದು ತಿಳಿಯದೆ ಪೆಟ್ಟಿಗೆಗಳನ್ನು ಮತ್ತೆ ಕೆಲಸಕ್ಕೆ ಹಚ್ಚುವಂತಿಲ್ಲ. ನೀರು ಸೋರುವ ಕಣ್ಣನ್ನು ಒರೆಸಿಕೊಳ್ಳುತ್ತಾ, ಒಂದೊಂದೇ ಸಾಲು ತೆಗೆದು ಕಟ್ಟಿ ಅಳೆದು, ಮತ್ತೆ ಕಟ್ಟಿ ಅಳೆದು, ನಾಲ್ಕನೆಯ ದಿನ ಮೂರನ್ನೂ ಹಿಡಿದರು. ಪಕ್ಕದಲ್ಲೇ ಕೂತಿದ್ದ ಲೇಖಕಿ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಆ ಮೂರನ್ನೂ ಮೇಡಂ ತಮ್ಮ ಕೈಯಿಂದಲೇ ಫೈಲಿಗೆ ಸೇರಿಸಿ, ‘ನನ್ನ ಪರಿಶೀಲನೆಯ ಲೋಪ’ ಎಂದು ಬರೆದು ಸಹಿ ಹಾಕಿದರು. ವಿಚಾರಣೆಯಲ್ಲೂ ಅದನ್ನೇ ಹೇಳಿದರು. ಆ ವರ್ಷ ಅವರಿಗೆ ಬರಬೇಕಿದ್ದ ವಿಭಾಗದ ಮುಖ್ಯಸ್ಥೆಯ ಹುದ್ದೆ ಬೇರೆಯವರ ಪಾಲಾಯಿತು. ಆಗಲೂ ಲೇಖಕಿ ತುಟಿ ಬಿಚ್ಚಲಿಲ್ಲ.

ಆದ್ದರಿಂದ ಇಲ್ಲಿ, ಆಡಳಿತ ಮಂಡಳಿಯವರೂ ಓದುವ ಈ ಬೀಳ್ಕೊಡುಗೆ ಸಂಪುಟದಲ್ಲಿ, ಆ ಲೋಪ ತನ್ನದೆಂದು ಲೇಖಕಿ ಒಪ್ಪಿಕೊಳ್ಳುತ್ತಾಳೆ. ಕಳೆದ ವಾರ ಈ ಬರಹವನ್ನು ಮೇಡಂಗೆ ತೋರಿಸಿ, ನಿಮ್ಮ ಹುದ್ದೆ ನನ್ನಿಂದ ಹೋಯಿತು ಎಂದು ಕಣ್ಣೀರು ಹಾಕಿದಳು. ಅವರು ಓದಿ ಮುಗಿಸಿ ಹಾಳೆಯನ್ನು ಮೇಜಿನ ಮೇಲಿಟ್ಟರು. ಮುಖದಲ್ಲಿ ಕೋಪವಿತ್ತು; ಹದಿನೇಳು ವರ್ಷದಲ್ಲಿ ಮೊದಲ ಬಾರಿಗೆ.

“ಹುದ್ದೆ ಕತೆ ಬಿಡು. ಮರೆತು ಮನೆಗೆ ಹೋದೆ, ಅದೂ ಇರಲಿ, ಯಾರು ಮರೆಯಲ್ಲ? ಆದ್ರೆ ನಾನು ಕೇಳಿದ ದಿನ ನಿಂಗೆ ಗೊತ್ತಿತ್ತು. ಅವತ್ತೇ ಹೇಳಿದ್ರೆ ಮಧ್ಯಾಹ್ನದೊಳಗೆ ಸರಿಹೋಗ್ತಿತ್ತು. ನಾಲ್ಕು ದಿನ ಕಣೇ. ಆ ಕೂಸುಗಳು ನಾಲ್ಕು ದಿನ ಕಾದ್ವು.”

ಆ ಮಾತನ್ನೂ ಲೇಖಕಿ ಈ ಬರಹಕ್ಕೆ ಪೆನ್ನಿನಲ್ಲೇ ಸೇರಿಸಿದಳು.

ಮೇಡಂ ಅವರಿಗೆ ನೂರು ವರ್ಷದ ಆಯುಸ್ಸೂ, ಕಣ್ಣಿಗೆ ಒಳ್ಳೆಯ ಬೆಳಕೂ, ಕೈತುಂಬ ಕೆಲಸವೂ ಇರಲೆಂದು ಹಾರೈಸುವುದರಲ್ಲಿ ಲೇಖಕಿಯ ಸ್ವಾರ್ಥವೂ ಇದೆ. ಸೋಮವಾರದಿಂದ ಅವರ ಕುರ್ಚಿ ಅವಳದು. ಅಲ್ಲಿ ಕೂತು ಅವಳು ತಪ್ಪು ಮಾಡುವುದು ಖಂಡಿತ. ಮಾಡಿದ ದಿನವೇ, ಇನ್ನೂ ಯಾರೂ ಏನೂ ಕೇಳುವ ಮೊದಲೇ, ಮೇಡಂ ಮನೆಯ ಫೋನು ರಿಂಗಣಿಸುತ್ತದೆ.